ದೂರು ಪೆಟ್ಟಿಗೆಯ ಕೆಳಗಿನ ಕಟ್ಟೆ

ಮನುಷ್ಯರನ್ನು ಮನುಷ್ಯರಂತೆ ನಡೆಸಿಕೊಳ್ಳುವುದಕ್ಕೂ ನೂರಕ್ಕೆ ಇಷ್ಟು ಎಂದು ಅಂಕ ಹಾಕಬಹುದು ಎಂಬ ಸಂಗತಿ ಹೋದ ವರ್ಷದ ಬೇಸಿಗೆಯವರೆಗೆ ನನಗೆ ಗೊತ್ತಿರಲಿಲ್ಲ. ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಏನೋ ಉಪಚಾರ ನಡೆಯುತ್ತದೆ ಎಂದುಕೊಳ್ಳಬೇಡಿ. ಕಾಲೇಜಿಗೆ ರಜೆ ಬಂದ ದಿನ ನಮ್ಮ ಸಂಬಳವೂ ರಜೆಗೆ ಹೋಗುತ್ತದೆ. ಸ್ಟಾಫ್ ರೂಮಿನಲ್ಲಿ ನಮ್ಮದು ಎಂಬ ಕುರ್ಚಿ ಇಲ್ಲ. ಕಾಯಂ ಮಂದಿ ಪಾಠಕ್ಕೆ ಎದ್ದಾಗ ಅವರ ಕುರ್ಚಿಯಲ್ಲಿ ಕೂತು, ಅವರು ಬಂದಾಗ ಏಳುತ್ತೇವೆ. ಇಂಥವಳಿಗೆ ಯಾರೋ ಫೋನ್ ಮಾಡಿ, ಕಾರ್ಖಾನೆಗಳಲ್ಲಿ ಮಾನವ ಹಕ್ಕು ಹೇಗಿದೆ ಎಂದು ಅಳೆಯಲು ದೊಡ್ಡ ಊರಿನಿಂದ ಒಬ್ಬರು ಬರುತ್ತಾರೆ, ಅವರಿಗೆ ಕನ್ನಡ ಬರುವುದಿಲ್ಲ, ಜೊತೆಗಿದ್ದು ಮಾತು ತಿರುಗಿಸಿ ಹೇಳುತ್ತೀರಾ ಎಂದು ಕೇಳಿದರು. ಬೇಸಿಗೆಯ ಖರ್ಚಿಗಾಯಿತು ಎಂದು ಒಪ್ಪಿಕೊಂಡೆ.

ಬಂದವನು ಮೂವತ್ತರ ಆಸುಪಾಸಿನ, ಬಲು ವಿನಯದ ಮನುಷ್ಯ. ಮನಸ್ಸಿನಲ್ಲೇ ಅವನಿಗೆ ಅಂಕದ ಸಾಹೇಬ ಎಂದು ಹೆಸರಿಟ್ಟೆ. ಕುಡಿಯುವ ನೀರು ಅವನದೇ ಬಾಟಲಿಯದು, ನಮ್ಮ ಚಹಾ ಅವನಿಗೆ ಆಗುವುದಿಲ್ಲ, ಕೈಯಲ್ಲಿ ಯಾವಾಗಲೂ ಒಂದು ಟ್ಯಾಬ್. ಅವನ ಸಂಸ್ಥೆಯ ಕೆಲಸ ಇಷ್ಟು: ಹೊರದೇಶದ ಅಂಗಡಿಗಳಿಗೆ ಅಂಗಿ ಹೊಲಿದು ಕಳಿಸುವ ಕಾರ್ಖಾನೆಗಳಿಗೆ ಹೋಗುವುದು, ಪ್ರಶ್ನೆ ಕೇಳುವುದು, ಉತ್ತರಕ್ಕೊಂದು ಅಂಕ ಹಾಕುವುದು, ಆಮೇಲೆ ಎಲ್ಲ ಕಾರ್ಖಾನೆಗಳನ್ನೂ ಸಾಲಾಗಿ ನಿಲ್ಲಿಸಿ ಇದು ಮೊದಲನೆಯದು, ಇದು ಎರಡನೆಯದು ಎಂದು ಸಾರುವುದು. ಆ ಸಾಲನ್ನು ನೋಡಿಕೊಂಡು ಹೊರದೇಶದವರು ಆರ್ಡರ್ ಕೊಡುತ್ತಾರಂತೆ. ನಮ್ಮ ಭಾಗದಲ್ಲಿ ಸ್ಪರ್ಧೆಗೆ ನಿಂತದ್ದು ಮೂರು. ಕಿತ್ತೂರಿನ ಕಡೆ ಒಂದು, ರಾಮದುರ್ಗದ ಕಡೆ ಒಂದು, ಸವದತ್ತಿಯಿಂದ ಬೈಲಹೊಂಗಲಕ್ಕೆ ಹೋಗುವ ರಸ್ತೆಯಲ್ಲಿ ಒಂದು. ಮೂರರ ಹೆಸರೂ ಇಲ್ಲಿ ಬೇಡ, ಹೆಸರು ಹೇಳುವಷ್ಟು ದೊಡ್ಡವು ಅವಲ್ಲ.

ಈ ಮೂರನೆಯ ಕಾರ್ಖಾನೆಯಲ್ಲಿ ನನ್ನ ಗೆಳತಿ ಇದ್ದಳು. ಸವದತ್ತಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳು ಹೂಲಿಯ ಒಕ್ಕಲುತನದ ಮನೆಗೆ ಸೊಸೆಯಾಗಿ ಹೋದಳು, ನಾನು ಸವದತ್ತಿಯಲ್ಲಿ ಅಪ್ಪನ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಅವಳು ಹೂಲಿಯಿಂದ ಸವದತ್ತಿ ಸ್ಟ್ಯಾಂಡಿಗೆ ಬಂದರೆ, ಅಲ್ಲಿಂದ ಮುಂದೆ ಇಬ್ಬರದೂ ಒಂದೇ ಬಸ್ಸು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸೀಟು ಸಿಗುವುದು ಒಂದು ಸಾಹಸ. ಬಸ್ಸು ಸ್ಟ್ಯಾಂಡಿಗೆ ತಿರುಗುವಾಗಲೇ ಅದರ ಜೊತೆ ನಾಲ್ಕು ಹೆಜ್ಜೆ ಓಡಿ, ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಟವೆಲ್ ಬಿದ್ದ ಸೀಟಿಗೆ ನಮ್ಮ ಕಡೆ ಯಾರೂ ತಕರಾರು ಮಾಡುವುದಿಲ್ಲ. ಅವಳು ಇಷ್ಟು ಹಟ ಮಾಡಿ ಸೀಟು ಹಿಡಿಯುವುದಕ್ಕೆ ಕಾರಣವೂ ಇತ್ತು. ಇಡೀ ದಿನದಲ್ಲಿ ಅವಳಿಗೆ ಕೂರಲು ಸಿಗುತ್ತಿದ್ದುದು ಊಟದ ಹೊತ್ತು ಬಿಟ್ಟರೆ ಈ ಬಸ್ಸಿನಲ್ಲೇ.

ಅವಳದು ಚೆಕ್ಕಿಂಗ್ ಟೇಬಲ್ಲು. ಹೊಲಿದು ಬಂದ ಅಂಗಿಯನ್ನು ಹರಡಿ, ದಾರ ಬಿಟ್ಟಿದೆಯೇ, ಗುಂಡಿ ಓರೆಯಾಗಿದೆಯೇ ಎಂದು ನೋಡುವ ಕೆಲಸ. ಹೊಲಿಯುವವರಿಗೆ ಸ್ಟೂಲು ಕೊಟ್ಟಿದ್ದರು, ಏಕೆಂದರೆ ನಿಂತುಕೊಂಡು ಮಶೀನು ತುಳಿಯಲು ಬರುವುದಿಲ್ಲ. ಚೆಕ್ಕಿಂಗಿನವರು ನಿಂತೇ ಇರಬೇಕು. ಕೂತರೆ ಕೈ ನಿಧಾನವಾಗುತ್ತದೆ ಎಂದು ಯಾವುದೋ ಪುಣ್ಯಾತ್ಮ ಲೆಕ್ಕ ಹಾಕಿದ್ದನಂತೆ. ಅವನಿಗೆ ಕಾಲುಗಳಿದ್ದವೋ ಇಲ್ಲವೋ ನನಗೆ ಅನುಮಾನ.

ಆ ಬೇಸಿಗೆಯಲ್ಲಿ ಅಂಕದ ಸಾಹೇಬನ ಪ್ರಶ್ನೆಗಳನ್ನು ಕನ್ನಡಕ್ಕೆ ತರುವಾಗ ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಸಂಸ್ಥೆಯು ನಿಮ್ಮ ಘನತೆಯನ್ನು ಎತ್ತಿಹಿಡಿಯುತ್ತದೆಯೇ? ಪೂರ್ಣವಾಗಿ, ಭಾಗಶಃ, ಇಲ್ಲ. ಇದನ್ನು ಕಾರ್ಖಾನೆಯ ಹಾಲಿನ ಮಧ್ಯದಲ್ಲಿ, ಮ್ಯಾನೇಜರ್ ಎರಡು ಮಾರು ದೂರದಲ್ಲಿ ನಿಂತಿರುವಾಗ, ಕೈಯಲ್ಲಿ ಅಂಗಿ ಹಿಡಿದ ಹೆಣ್ಣುಮಕ್ಕಳಿಗೆ ಕೇಳುವುದು. ಅವರು ಹೂಂ ಎನ್ನುತ್ತಿದ್ದರು. ಹೂಂ ಎಂದರೆ ಪೂರ್ಣವಾಗಿಯೋ ಭಾಗಶಃವೋ ಎಂದು ಸಾಹೇಬ ನನ್ನನ್ನು ಕೇಳುತ್ತಿದ್ದ. ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೆ ಅಂಕವಿತ್ತು, ಗೋಡೆಗೆ ಅಂಟಿಸಿದ ನೀತಿಯ ಹಾಳೆಗೆ ಅಂಕವಿತ್ತು, ಆ ಹಾಳೆಯನ್ನು ಚೌಕಟ್ಟಿನಲ್ಲಿ ಹಾಕಿದ್ದರೆ ಇನ್ನಷ್ಟು ಅಂಕವಿತ್ತು. ಕೂರಲು ಏನಾದರೂ ಇದೆಯೇ ಎಂಬ ಪ್ರಶ್ನೆ ಮಾತ್ರ ಇರಲಿಲ್ಲ. ಸೇರಿಸಬಹುದಲ್ಲ ಎಂದೆ. ಪ್ರಶ್ನೆಗಳನ್ನು ಬೇರೆ ದೇಶದಲ್ಲಿ ತಜ್ಞರು ಕೂತು ಮಾಡಿದ್ದಾರೆ, ಮುಂದಿನ ಸಲ ಬದಲಿಸುವಾಗ ನೋಡುತ್ತಾರೆ ಎಂದ. ತಜ್ಞರು ಕೂತು ಮಾಡಿದರು ಎಂಬುದು ಆ ಪ್ರಶ್ನೆಗಳಿಂದಲೇ ಗೊತ್ತಾಗುತ್ತಿತ್ತು.

ಸವದತ್ತಿ ರಸ್ತೆಯ ಕಾರ್ಖಾನೆಗೆ ಆ ಸಲ ಒಂದು ಕಡೆ ಅಂಕ ಹೋಯಿತು. ಅಲ್ಲಿ ದೂರು ಪೆಟ್ಟಿಗೆ ಇರಲಿಲ್ಲ. ಬೀಗ ಹಾಕಿದ, ಮೇಲೆ ಕಿಂಡಿ ಇರುವ ಒಂದು ಪೆಟ್ಟಿಗೆ ಹಾಲಿನಲ್ಲಿ ತೂಗುಹಾಕಿ, ಬೀಗದ ಕೈಯನ್ನು ನನಗೇ ಕಳಿಸಿಬಿಡಿ, ಮುಂದಿನ ಸಲ ಬಂದಾಗ ನಾನೇ ತೆಗೆಯುತ್ತೇನೆ ಎಂದು ಸಾಹೇಬ ಮ್ಯಾನೇಜರಿಗೆ ಹೇಳಿದ. ಮ್ಯಾನೇಜರ್ ನಮ್ಮ ಕಡೆಯವನೇ. ಗಟ್ಟಿಯಾಗಿ ಮಾತಾಡುವುದಿಲ್ಲ, ಯಾರಿಗೂ ಬಯ್ಯುವುದಿಲ್ಲ, ನಗುನಗುತ್ತಲೇ, ಇಲ್ಲ ಎನ್ನುವ ಜಾತಿ. ಆಗಲಿ ಎಂದು ತಲೆಯಾಡಿಸಿದ.

ಅವನು ಪೆಟ್ಟಿಗೆ ಮಾಡಿಸಲು ಹೇಳಿದ್ದು ಸವದತ್ತಿಯಲ್ಲಿ ದೇವಿಯ ಗುಡ್ಡಕ್ಕೆ ಹೋಗುವ ದಾರಿಯಲ್ಲಿರುವ ವೆಲ್ಡಿಂಗ್ ಅಂಗಡಿಯವನಿಗೆ. ಆ ಅಂಗಡಿಯವನಿಗೆ ಬರುವ ಕೆಲಸದಲ್ಲಿ ಅರ್ಧ ಗ್ರಿಲ್ಲು ಗೇಟು, ಇನ್ನರ್ಧ ಸುತ್ತಲಿನ ಹಳ್ಳಿಗಳ ಗುಡಿಗಳಿಗೆ ಹುಂಡಿ. ಕಿಂಡಿ ಬೇಕು, ಕೀಲಿ ಬೇಕು, ಗೋಡೆಗೆ ಕೂರಬೇಕು ಎಂದು ಕೇಳಿದ ಮೇಲೆ ಅವನು ಬೇರೆ ಏನು ಮಾಡಿಯಾನು? ಸ್ಟೀಲಿನ ಚೊಕ್ಕ ಹುಂಡಿ ಮಾಡಿದ. ಮೇಲೆ ಗೋಪುರದ ಹಾಗೆ ಕಮಾನು, ಎರಡು ಬದಿಗೆ ಬಳ್ಳಿ, ಕಿಂಡಿಯ ಸುತ್ತ ಕಮಲದ ದಳ. ಬಳ್ಳಿಗೂ ಕಮಲಕ್ಕೂ ಬೇರೆ ದುಡ್ಡು ಕೇಳಲಿಲ್ಲವೆಂದು ಮ್ಯಾನೇಜರಿಗೆ ಬಹಳ ಖುಷಿಯಾಗಿತ್ತಂತೆ. ಪೇಂಟರನನ್ನು ಕರೆಸಿ ಅದರ ಎದೆಯ ಮೇಲೆ ದೂರು ಪೆಟ್ಟಿಗೆ ಎಂದು ಕೆಂಪಕ್ಷರದಲ್ಲಿ ಬರೆಸಿ, ಚೆಕ್ಕಿಂಗ್ ಟೇಬಲ್ಲಿನ ಪಕ್ಕದ ಗೋಡೆಗೆ ಮೊಳೆ ಹೊಡೆಸಿದ.

ಮುಂದಿನದನ್ನು ಯಾರಾದರೂ ಊಹಿಸಬಹುದು, ಮೂರು ತಾಲೂಕು ಅಳೆಯಲು ಬಂದವರನ್ನು ಬಿಟ್ಟು. ಶ್ರಾವಣದ ಮೊದಲ ಶುಕ್ರವಾರ ಕಸ ಹೊಡೆಯುವ ಮುದುಕಿ ಮಶೀನುಗಳಿಗೆ ಕುಂಕುಮ ಹಚ್ಚುತ್ತ ಬಂದವಳು ಪೆಟ್ಟಿಗೆಗೂ ಹಚ್ಚಿದಳು. ಎರಡನೆಯ ಶುಕ್ರವಾರ ಯಾರೋ ಸೇವಂತಿಗೆ ಸಿಕ್ಕಿಸಿದರು. ಶ್ರಾವಣ ಮುಗಿಯುವ ಹೊತ್ತಿಗೆ ಕೆಂಪಕ್ಷರದ ಮೇಲೆ ಅರಿಸಿನ ಬಳಿದು ದೂರು ಎಂಬುದು ಕಾಣದೆ ಹೋಗಿತ್ತು. ಮಂಗಳವಾರ, ಶುಕ್ರವಾರ ಚಪ್ಪಲಿ ಬದಿಗಿಟ್ಟು ಒಬ್ಬೊಬ್ಬರೇ ಬಂದು ನಾಣ್ಯ ಹಾಕಿ, ಕಣ್ಣು ಮುಚ್ಚಿ, ತುಟಿ ಅಲುಗಿಸಿ ಹೋಗುತ್ತಿದ್ದರು. ಇದನ್ನೆಲ್ಲ ಗೆಳತಿ ಬಸ್ಸಿನಲ್ಲಿ ಹೇಳುವಾಗ ನನಗೆ ಮೈ ಉರಿಯಿತು. ನಮ್ಮದು ಬೌದ್ಧರ ಮನೆ. ಟೇಲರ್ ಕೆಲಸ ಮಾಡಿ ನನ್ನನ್ನು ಓದಿಸಿದ ಅಪ್ಪ ಕಲ್ಲಿಗೆ ಕೈ ಮುಗಿಯಬೇಡ, ತಗಡಿಗೆ ದುಡ್ಡು ಹಾಕಬೇಡ ಎಂದೇ ಬೆಳೆಸಿದ್ದ. ಅಳತೆ ಮಾಡುವವರ ದಡ್ಡತನ ಸಾಲದೆಂದು ನಿಮ್ಮದೂ ಸೇರಿತೇ ಎಂದು ಅವಳ ಮೇಲೆ ಹರಿಹಾಯ್ದೆ. ಕಂಪನಿಯ ಪೆಟ್ಟಿಗೆ ಅದು, ಒಂದು ಚೀಟಿ ಬರೆದು ಹಾಕಲು ಏನು ಧಾಡಿ ಎಂದು ಕೇಳಿದೆ.

ಅವಳು ಕಿಟಕಿಯ ಕಡೆ ಮುಖ ಮಾಡಿ, ನನಗಷ್ಟೇ ಕೇಳುವಂತೆ ಹೇಳಿದಳು. "ದಿನಾ ಮುಂಜಾನೆ ಹಾಜರಿಗೆ ಸಹಿ ಮಾಡತೇವಿ. ಯಾರ ಅಕ್ಷರ ಹೆಂಗ ಅಂತ ಮ್ಯಾನೇಜರಗ ಬಾಯಿಪಾಠ ಐತಿ. ನಾಣ್ಯಕ್ಕ ಯಾರ ಅಕ್ಷರಾನೂ ಇರೂದಿಲ್ಲ."

ಆಮೇಲೆ ಅವಳು ಇನ್ನೊಂದು ಸಂಗತಿ ಹೇಳಿದಳು. ಅವಳಿಗೆ ಮತ್ತೆ ದಿನ ನಿಂತಿತ್ತು. ಹಿಂದೆ ಎರಡು ಸಲ ಹೀಗಾಗಿ, ಎರಡು ಸಲವೂ ಉಳಿದಿರಲಿಲ್ಲ. ಎರಡನೆಯ ಸಲ ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತವಳು ನಾನೇ. ಈಗ ಡಾಕ್ಟರಮ್ಮ ಬಹಳ ಹೊತ್ತು ನಿಲ್ಲಬಾರದು, ಆಗಾಗ ಕೂತು ಕಾಲು ಚಾಚಬೇಕು ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಕೆಲಸ ಬಿಡುವಂತಿರಲಿಲ್ಲ, ಮನೆ ನಡೆಯುತ್ತಿದ್ದುದು ಅವಳ ಪಗಾರದ ಮೇಲೆ. ಒಂದು ಸ್ಟೂಲು ಕೊಡಿ ಎಂದು ಸೂಪರ್‌ವೈಸರನನ್ನು ಕೇಳಿದ್ದಳು. ಅವನು ಮ್ಯಾನೇಜರಿನ ಕಡೆ ಕೈ ತೋರಿಸಿದ. ಮ್ಯಾನೇಜರ್ ನಗುತ್ತಲೇ, ನಿನಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ, ಚೆಕ್ಕಿಂಗ್ ಎಂದರೆ ನಿಂತು ಮಾಡುವ ಕೆಲಸ, ಆಗದಿದ್ದರೆ ಮನೆಯಲ್ಲಿ ಆರಾಮಾಗಿ ಇದ್ದುಬಿಡು ಎಂದಿದ್ದ. ಬಸ್ಸು ಕಾರ್ಖಾನೆಯ ಮುಂದೆ ನಿಂತಾಗ ಅವಳು ಸೀಟಿನ ಕಂಬಿ ಹಿಡಿದು ಎದ್ದು ನಿಂತ ರೀತಿ ನೋಡಿ ನನಗೆ ಭಯವಾಯಿತು.

ದಸರಾ ರಜೆಯಲ್ಲಿ ಅಂಕದ ಸಾಹೇಬ ಮತ್ತೆ ಬಂದ. ಮೊದಲು ಕಿತ್ತೂರಿನ ಕಡೆಯ ಕಾರ್ಖಾನೆಗೆ ಹೋದೆವು. ಅಲ್ಲಿಯ ಹೆಣ್ಣುಮಕ್ಕಳು ಬಾಯಿ ಗಟ್ಟಿ ಇದ್ದವರು. ಪೆಟ್ಟಿಗೆ ತುಂಬ ಚೀಟಿ ಹಾಕಿದ್ದರು. ಫ್ಯಾನು ಇಲ್ಲ, ಪಾಯಖಾನೆಗೆ ಚಿಲಕ ಇಲ್ಲ, ಕೂರಲು ಸ್ಟೂಲು ಇಲ್ಲ. ಜಗಳ ಮಾಡಿ ಫ್ಯಾನು ಹಾಕಿಸಿಕೊಂಡಿದ್ದರು, ಚಿಲಕವೂ ಬಂದಿತ್ತು, ಸ್ಟೂಲುಗಳಿಗೆ ಹೇಳಿದ್ದಾರೆ ಎಂದು ಹಲ್ಲು ಬಿಟ್ಟು ನಗುತ್ತ ಹೇಳಿದರು. ನನಗೆ ಆ ಜಾಗ ಬಿಟ್ಟು ಬರಲು ಮನಸ್ಸಾಗಲಿಲ್ಲ. ರಾಮದುರ್ಗದ ಕಡೆಯದಕ್ಕೆ ಹೋದಾಗ ಸಾಲಹಳ್ಳಿಯಿಂದ ಟಂಟಂ ಆಟೊದಲ್ಲಿ ಬರುವವರು ಇನ್ನೂ ಬಂದೇ ಇರಲಿಲ್ಲ. ಪೆಟ್ಟಿಗೆ ಎಲ್ಲಿ ಎಂದರೆ ಆರ್ಡರ್ ಕೊಟ್ಟಿದ್ದೇವೆ ಎಂದರು. ಕೊನೆಗೆ ನಮ್ಮ ರಸ್ತೆಯ ಕಾರ್ಖಾನೆ.

ಪೆಟ್ಟಿಗೆಯನ್ನು ಗೋಡೆಯಿಂದ ಇಳಿಸಿ ಮ್ಯಾನೇಜರಿನ ಮೇಜಿನ ಮೇಲೆ ಇಟ್ಟರು. ಸಾಹೇಬ ತನ್ನ ಬ್ಯಾಗಿನಿಂದ ಬೀಗದ ಕೈ ತೆಗೆದು, ವೀಡಿಯೊ ಮಾಡಿಕೊಳ್ಳುತ್ತಲೇ ಬೀಗ ತೆರೆದ. ಒಳಗಿನಿಂದ ನಾಣ್ಯ ಸುರಿಯಿತು, ಜೋಳದ ಕಾಳು ಸುರಿಯಿತು, ಅರಿಸಿನದ ಕೊಂಬು, ಬಳೆಯ ಚೂರು, ದಾರದ ಉಂಡೆ. ಒಂದು ಚೀಟಿಯೂ ಇರಲಿಲ್ಲ. ಎಲ್ಲದರ ಕೊನೆಗೆ ಹಗುರವಾಗಿ ಜಾರಿ ಬಿದ್ದದ್ದು ತಗಡಿನ ಒಂದು ಜೊತೆ ಕಾಲು. ನಮ್ಮ ಗುಡ್ಡದ ಅಂಗಡಿಗಳಲ್ಲಿ ಇಂಥವು ಸಿಗುತ್ತವೆ. ಕಣ್ಣು ನೋವಿದ್ದವರು ತಗಡಿನ ಕಣ್ಣು, ಕೈ ನೋವಿದ್ದವರು ಕೈ, ಕಾಲು ನೋವಿದ್ದವರು ಕಾಲು ಕೊಂಡು ದೇವಿಗೆ ಒಪ್ಪಿಸುತ್ತಾರೆ. ಈ ಕಾಲು ಯಾರದು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು.

ಸಾಹೇಬನ ಮುಖ ಅರಳಿತು. ಎಂಥ ಸುಂದರ ಕುಸುರಿ ಎಂದು ತಗಡಿನ ಕಾಲನ್ನು ಬಿಳಿ ಹಾಳೆಯ ಮೇಲಿಟ್ಟು ನಾಲ್ಕೂ ಕಡೆಯಿಂದ ಫೋಟೊ ತೆಗೆದ. ಇದು ಕುಸುರಿ ಅಲ್ಲ, ಇದು ದೂರು ಎಂದೆ. ಯಾರಿಗೋ ಇಲ್ಲಿ ನಿಂತು ನಿಂತು ಕಾಲು ಸೇದುತ್ತಿದೆ, ಅದನ್ನು ಹೇಳಿದ್ದಾರೆ, ಈ ನಾಣ್ಯಗಳೂ ಅಷ್ಟೇ, ಒಂದೊಂದರ ಹಿಂದೆ ಒಂದೊಂದು ಮಾತಿದೆ ಎಂದು ಬಿಡಿಸಿ ಹೇಳಿದೆ. ಅವನು ಗಂಭೀರನಾಗಿ ಕೇಳಿಸಿಕೊಂಡ. ಆಮೇಲೆ ತಲೆ ಎತ್ತಿ, ಯಾರಿಗೆ ಕಾಲು ನೋವು, ಹೆಸರು ಹೇಳಿ, ನಮೂದಿಸುತ್ತೇನೆ ಎಂದ. ಎದುರಿಗೆ ಮ್ಯಾನೇಜರ್ ಕೂತಿದ್ದ. ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ, ನನ್ನ ಬಾಯಿಯನ್ನೇ ನೋಡುತ್ತಿದ್ದ. ಅವಳ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಸಾಹೇಬನ ಟ್ಯಾಬಿನಲ್ಲಿ ಒಂದು ದೂರು ಏರುತ್ತಿತ್ತು, ಮರುದಿನದಿಂದ ಅವಳು ಮನೆಯಲ್ಲಿ ಆರಾಮಾಗಿ ಇರುತ್ತಿದ್ದಳು. ಗೊತ್ತಿಲ್ಲ ಎಂದೆ.

ಮ್ಯಾನೇಜರ್ ಮೆಲ್ಲಗೆ ನಕ್ಕ. "ಮೇಡಮ್, ಅದು ದೇವರಿಗೆ ಕೊಟ್ಟಿದ್ದರಿ. ಕಂಪನಿಗೆ ಕೊಟ್ಟಿದ್ದಲ್ಲ."

ಸಾಹೇಬ ನನ್ನ ಕಡೆ ತಿರುಗಿ ಅವನು ಏನೆಂದ ಎಂದು ಕೇಳಿದ. ತಿರುಗಿಸಿ ಹೇಳಿದೆ, ಅದೇ ನನ್ನ ಕೆಲಸವಾಗಿತ್ತು. ಅವನು ಒಪ್ಪಿ ತಲೆಯಾಡಿಸಿದ. ಪ್ರಶ್ನೆ ಕೇಳುವುದು ಸಂಸ್ಥೆಯ ವಿರುದ್ಧ ಬರವಣಿಗೆಯಲ್ಲಿ ಬಂದ ದೂರು ಎಷ್ಟು ಎಂದು, ಇಲ್ಲಿ ಬರವಣಿಗೆಯೂ ಇಲ್ಲ, ವಿರುದ್ಧವೂ ಇಲ್ಲ, ಆದ್ದರಿಂದ ಸೊನ್ನೆ ಎಂದು ತೀರ್ಮಾನಿಸಿದ. ಕಾರ್ಖಾನೆಯ ಗೇಟಿನ ಹೊರಗೆ, ಅವನ ಕಾರಿನ ಪಕ್ಕ, ನಾನು ಇನ್ನೊಮ್ಮೆ ಜಗಳ ತೆಗೆದೆ. ಹೆಸರು ಹೇಳಲು ಹೆದರುವ ಜಾಗಕ್ಕೆ ಯಾವ ಪ್ರಶ್ನೆಯಲ್ಲಿ ಅಂಕ ಕಳೆಯುತ್ತೀರಿ ಎಂದು ಕೇಳಿದೆ. ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ ಎಂದ. ಅರ್ಥವಾಗುತ್ತದೆ ಎಂದವರ ಜೊತೆ ಜಗಳ ಮಾಡುವುದು ಬಹಳ ಕಷ್ಟ.

ಸಾಲು ಪ್ರಕಟವಾದಾಗ ನನಗೂ ಒಂದು ಪ್ರತಿ ಮೊಬೈಲಿಗೆ ಬಂತು. ಸವದತ್ತಿ ರಸ್ತೆಯ ಕಾರ್ಖಾನೆ ಮೊದಲನೆಯದು. ರಾಮದುರ್ಗದ ಕಡೆಯದು ಎರಡನೆಯದು, ಪೆಟ್ಟಿಗೆ ಇಲ್ಲದ್ದಕ್ಕೆ ಸ್ವಲ್ಪ ಕಡಿಮೆಯಾದರೂ ಅವರ ಮೇಲೆ ದೂರು ಅಂತೇನೂ ಇರಲಿಲ್ಲ. ಕಿತ್ತೂರಿನ ಕಡೆಯದು ಕೊನೆಯದು. ಚೀಟಿ ಬರೆದು, ಜಗಳ ಮಾಡಿ, ಫ್ಯಾನು ಹಾಕಿಸಿಕೊಂಡು, ಚಿಲಕ ಹಾಕಿಸಿಕೊಂಡು ಆ ಹೆಣ್ಣುಮಕ್ಕಳು ತಮ್ಮ ಕಾರ್ಖಾನೆಯ ಮುಖಕ್ಕೆ ಮಸಿ ಬಳಿದಿದ್ದರು. ನಮ್ಮ ರಸ್ತೆಯದಕ್ಕೆ ದೂರು ಸೊನ್ನೆ ಎಂದು ಪೂರ್ತಿ ಅಂಕ, ಕೆಲಸಗಾರರ ನಂಬಿಕೆಗೆ ಗೌರವ ಕೊಟ್ಟಿದ್ದಾರೆ ಎಂದು ಅದರ ಮೇಲೆ ಇನ್ನೂ ಒಂದಿಷ್ಟು. ವರದಿಯ ಮುಖಪುಟದಲ್ಲಿ, ಬಿಳಿ ಹಾಳೆಯ ಮೇಲೆ, ನನ್ನ ಗೆಳತಿಯ ತಗಡಿನ ಕಾಲು. ಅದನ್ನು ಅವಳಿಗೆ ಬಸ್ಸಿನಲ್ಲಿ ತೋರಿಸಿದೆ. ಬೆರಳಿನಿಂದ ಫೋಟೊ ದೊಡ್ಡದು ಮಾಡಿ ನೋಡಿದಳು, ಒಂದು ಬೆರಳು ಸೊಟ್ಟಗಾಗಿದೆ ಎಂದಳು. ನನಗೆ ನಗು ಬರಲಿಲ್ಲ. ಅವಳ ನಿಜವಾದ ಕಾಲು ಆಗಲೇ ಚಪ್ಪಲಿಯ ಪಟ್ಟಿಗೆ ಒತ್ತುವಷ್ಟು ಬಾತಿತ್ತು.

ಮೊದಲನೆಯವರಾದ ಹುರುಪಿನಲ್ಲಿ ಕಂಪನಿಯವರು ಪೆಟ್ಟಿಗೆಗೆ ಒಂದು ಕಟ್ಟೆ ಕಟ್ಟಿಸಲು ಹೊರಟರು. ನಂಬಿಕೆಗೆ ಅಂಕ ಉಂಟು ಎಂದು ತಿಳಿದ ಮೇಲೆ ಅವರ ಭಕ್ತಿಗೆ ಮಿತಿ ಇರಲಿಲ್ಲ. ಪೆಟ್ಟಿಗೆಯಲ್ಲಿ ಬಿದ್ದಿದ್ದ ನಾಣ್ಯಗಳನ್ನೇ ಬಳಸಿ, ಸಾಲದ್ದಕ್ಕೆ ಸ್ವಲ್ಪ ಕೈಯಿಂದ ಹಾಕಿ, ಗೋಡೆಗೆ ಹೊಂದಿಸಿ, ಮೊಳಕಾಲೆತ್ತರಕ್ಕೆ, ಮೇಲೆ ನುಣ್ಣನೆಯ ಕರಿಕಲ್ಲು ಹಾಕಿದ ಕಟ್ಟೆ. ಹೂವು ಇಡಲು, ದೀಪ ಇಡಲು ಎಂದು ಅವರ ಲೆಕ್ಕ. ನಮ್ಮ ಕಡೆ ಮೊಳಕಾಲೆತ್ತರದ ಕಟ್ಟೆ ಕಂಡರೆ ಮನುಷ್ಯ ಏನು ಮಾಡುತ್ತಾನೆ ಎಂಬುದನ್ನು ಯಾರೂ ಯೋಚಿಸಲಿಲ್ಲ.

ಕಟ್ಟೆಯ ಸಿಮೆಂಟು ಒಣಗಿದ ಮೊದಲ ಶುಕ್ರವಾರ ಗೆಳತಿ ಚಪ್ಪಲಿ ಬಿಟ್ಟು, ನಾಣ್ಯ ಹಾಕಿ, ಅದರ ಮೇಲೆ ಕೂತುಬಿಟ್ಟಳು. ಬೆನ್ನನ್ನು ಗೋಡೆಗೆ ಕೊಟ್ಟು, ಕಾಲು ಚಾಚಿ, ಕೈ ಜೋಡಿಸಿ, ಕಣ್ಣು ಮುಚ್ಚಿದಳು. ಸೂಪರ್‌ವೈಸರ್ ಬಂದ, ನೋಡಿದ, ಮ್ಯಾನೇಜರಿನ ಹತ್ತಿರ ಓಡಿದ. ಮ್ಯಾನೇಜರ್ ಬಂದ, ನೋಡಿದ, ತಿರುಗಿ ಹೋದ. ಬಸುರಿ ಹೆಂಗಸು ದೇವರ ಕಟ್ಟೆಯ ಮೇಲೆ ಕೈ ಮುಗಿದು ಕೂತಿರುವಾಗ ಏಳು ಎನ್ನುವ ಎದೆಗಾರಿಕೆ ನಗುತ್ತ ಇಲ್ಲ ಎನ್ನುವವರಿಗೂ ಇರುವುದಿಲ್ಲ. ಅದೂ ಅದೇ ದೇವರು ಅವನಿಗೆ ಮೊದಲನೆಯ ಸ್ಥಾನ ಕೊಡಿಸಿರುವಾಗ. ಅಂದಿನಿಂದ ಅವಳ ಭಕ್ತಿ ಹೆಚ್ಚಿತು. ಶುಕ್ರವಾರ ಸಾಲದೆ ಮಂಗಳವಾರ, ಮಂಗಳವಾರ ಸಾಲದೆ ದಿನಕ್ಕೆ ಹಲವು ಸಲ. ಎದ್ದು ಟೇಬಲ್ಲಿಗೆ ಹೋಗುವಾಗ ಟವೆಲ್ಲನ್ನು ಕಟ್ಟೆಯ ಮೇಲೆ ಹಾಕಿ ಹೋಗುತ್ತಿದ್ದಳಂತೆ. ಅವಳ ಪಕ್ಕದ ಜಾಗದಲ್ಲಿ ಮೊಳಕಾಲು ನೋವಿನ ಇನ್ನೊಬ್ಬಳಿಗೂ ಭಕ್ತಿ ಹುಟ್ಟಿತು.

ಇದನ್ನು ಕೇಳಿ ನಾನು ಬಸ್ಸಿನಲ್ಲಿ ಜೋರಾಗಿ ನಕ್ಕೆ. ಮನೆಗೆ ಬಂದು ಅಪ್ಪನಿಗೂ ಹೇಳಿದೆ. ಅಪ್ಪ ನಗಲಿಲ್ಲ. ಎರಡು ಕೈ ಅಗಲದ ಜಾಗದಲ್ಲಿ ಕೂರುವುದಕ್ಕೆ ಒಂದು ಮನುಷ್ಯ ಜೀವ ನಾಟಕ ಆಡಬೇಕಾಯಿತೇ ಎಂದು ಕೇಳಿ, ಎದ್ದು ಒಳಗೆ ಹೋದ. ನನ್ನ ನಗುವೂ ಅಲ್ಲಿಗೆ ಮುಗಿಯಿತು.

ಸಂಕ್ರಾಂತಿ ಮುಗಿದ ಮೇಲೆ ಅಂಕದ ಸಾಹೇಬ ಮೂರನೆಯ ಸಲ ಬಂದ. ಈ ಸಲ ಅಳತೆಗಲ್ಲ. ಮೊದಲನೆಯ ಸ್ಥಾನದ ಕಾರ್ಖಾನೆಯನ್ನು ಮಾದರಿ ಎಂದು ತೋರಿಸುವ ಒಂದು ಪುಸ್ತಿಕೆ ಮಾಡುತ್ತಾರಂತೆ, ಅದಕ್ಕೆ ಕೆಲಸಗಾರರ ನಾಲ್ಕು ಮಾತು ಬೇಕಿತ್ತು. ಮ್ಯಾನೇಜರ್ ಹೊಸ ಅಂಗಿ ಹಾಕಿಕೊಂಡು ಹಾಲಿನ ತುಂಬ ಸುತ್ತಾಡಿಸಿದ. ಚೆಕ್ಕಿಂಗ್ ಟೇಬಲ್ಲಿನ ಹತ್ತಿರ ಬಂದಾಗ ಗೆಳತಿ ಕಟ್ಟೆಯ ಮೇಲಿದ್ದಳು. ಆಗ ಅವಳಿಗೆ ಆರು ತುಂಬಿತ್ತು. ಹಿಂದಿನ ಎರಡು ಸಲವೂ ಇಷ್ಟು ದೂರ ಬಂದಿರಲಿಲ್ಲ. ಮುಚ್ಚಿದ ಕಣ್ಣು, ಜೋಡಿಸಿದ ಕೈ, ಮಡಿಲಲ್ಲಿ ಟವೆಲ್. ಕಾಲು ಮೊದಲಿಗಿಂತ ಇಳಿದಿತ್ತು. ಅವಳ ತಲೆಯ ಮೇಲೆ ಸ್ಟೀಲಿನ ಗೋಪುರ, ಅರಿಸಿನದ ಅಡಿಯಿಂದ ಪೆಟ್ಟಿಗೆ ಎಂಬ ಅರ್ಧ ಮಾತು ಇಣುಕುತ್ತಿತ್ತು.

ಮ್ಯಾನೇಜರಿಗೆ ಇದು ಬೇಕಿರಲಿಲ್ಲ ಎಂದು ಅವನ ಮುಖದಿಂದಲೇ ತಿಳಿಯಿತು. ಈಕೆ ಸ್ವಲ್ಪ ಜಾಸ್ತಿಯೇ ಕೂರುತ್ತಾಳೆ, ಕಟ್ಟೆಯ ಸುತ್ತ ಕಂಬಿ ಹಾಕಿಸಬೇಕೆಂದಿದ್ದೇವೆ, ದೇವರ ಜಾಗ ಚೊಕ್ಕಟ ಇರಬೇಕಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದ. ಕಂಬಿ ಮಾಡುವವನು ಯಾರು ಎಂದು ಕೇಳುವ ಅಗತ್ಯ ಇರಲಿಲ್ಲ. ಅದಕ್ಕೂ ಎರಡು ಬದಿಗೆ ಬಳ್ಳಿ ಬರುತ್ತಿತ್ತು. ಸಾಹೇಬನಿಗೆ ಇದೊಂದೂ ಕೇಳಿಸಲಿಲ್ಲ. ಅವನು ಕಟ್ಟೆಯಿಂದ ಸ್ವಲ್ಪ ದೂರ ನಿಂತು, ಬೂಟು ಬಿಚ್ಚಬೇಕೇ ಎಂದು ನನ್ನನ್ನು ಸನ್ನೆಯಲ್ಲಿ ಕೇಳಿ, ಬಿಚ್ಚಿ, ತೀರ ಮೆಲುದನಿಯಲ್ಲಿ, ಈಕೆ ಏನೆಂದು ಪ್ರಾರ್ಥಿಸುತ್ತಿದ್ದಾಳೆ, ಕೇಳಬಹುದೇ ಎಂದ.

ನಾನು ಬಗ್ಗಿ ಅವಳ ಕಿವಿಯ ಹತ್ತಿರ ಕೇಳಿದೆ. ಅವಳು ಕಣ್ಣು ತೆರೆಯಲಿಲ್ಲ. "ಏನೂ ಬೇಡಕೊಳ್ಳಾಕ ಹತ್ತಿಲ್ಲ ಅಂತ ಹೇಳು. ಕುಂತೇನಿ, ಅಷ್ಟ."

ಸಾಹೇಬ ಟ್ಯಾಬಿನ ಮೇಲೆ ಬೆರಳು ಇಟ್ಟುಕೊಂಡು ಕಾಯುತ್ತಿದ್ದ. ಮ್ಯಾನೇಜರಿಗೆ ಅವಳ ಮಾತು ಕೇಳಿಸಿತ್ತು. ಅವನ ಮುಖದಲ್ಲಿ ನಗು ಮೂಡುತ್ತಿತ್ತು, ನಾನು ಅದನ್ನು ಇದ್ದದ್ದು ಇದ್ದ ಹಾಗೆ ಇಂಗ್ಲಿಷಿಗೆ ತಿರುಗಿಸುತ್ತೇನೆ, ಸುಮ್ಮನೆ ಕೂತಿದ್ದಾಳೆ ಎಂದು ಸಾಹೇಬನ ಬಾಯಿಂದಲೇ ಬರುತ್ತದೆ, ನಾಳೆ ಕಂಬಿ ಹಾಕಿಸಬಹುದು ಎಂದು. ಆ ನಗು ಪೂರ್ತಿಯಾಗಲು ನಾನು ಬಿಡಲಿಲ್ಲ. ಈ ಕಂಪನಿ ಚೆನ್ನಾಗಿರಲಿ, ಇನ್ನೂ ಬೆಳೆಯಲಿ, ಮುಂದಿನ ಸಲವೂ ಇದೇ ಮೊದಲು ಬರಲಿ ಎಂದು ದಿನಾ ಇಲ್ಲಿ ಕೂತು ಬೇಡಿಕೊಳ್ಳುತ್ತಾಳಂತೆ, ಕೂತೇ ಬೇಡಿಕೊಳ್ಳಬೇಕು ಎಂಬುದು ಈ ದೇವಿಯ ನಿಯಮವಂತೆ ಎಂದು ನನಗೆ ಬರುವ ಅತ್ಯುತ್ತಮ ಇಂಗ್ಲಿಷಿನಲ್ಲಿ ಹೇಳಿದೆ. ಕಲ್ಲಿಗೆ ಕೈ ಮುಗಿಯದ ಮನೆಯ ಮಗಳು ನಾನು, ಒಂದು ದೇವಿಯನ್ನೂ ಅವಳ ನಿಯಮವನ್ನೂ ನಿಂತ ನಿಲುವಿನಲ್ಲಿ ಹುಟ್ಟಿಸಿದೆ. ನನಗೆ ಅದರ ಬಗ್ಗೆ ಎಳ್ಳಷ್ಟೂ ನಾಚಿಕೆ ಇಲ್ಲ. ಮ್ಯಾನೇಜರಿಗೆ ಇಂಗ್ಲಿಷ್ ಅರ್ಥವಾಗುತ್ತದೆ. ಆದರೆ ಕಂಪನಿ ಚೆನ್ನಾಗಿರಲಿ ಎಂದು ಬೇಡಿಕೊಳ್ಳುವುದನ್ನು ಸುಳ್ಳು ಎಂದು ಹೇಳುವ ಮ್ಯಾನೇಜರ್ ಇನ್ನೂ ಹುಟ್ಟಿಲ್ಲ.

ಸಾಹೇಬನ ಕಣ್ಣು ತೇವವಾಯಿತು. ಅವನು ಅದನ್ನು ಅಕ್ಷರಶಃ ಬರೆದುಕೊಂಡ. ಆಮೇಲೆ ಮ್ಯಾನೇಜರಿನ ಕಡೆ ತಿರುಗಿ, ಈ ಕಟ್ಟೆಯನ್ನು ದಯವಿಟ್ಟು ಹೀಗೇ ಇರಿಸಿ, ಸುತ್ತ ಏನೂ ಕಟ್ಟಬೇಡಿ, ಯಾರು ಯಾವಾಗ ಬೇಕಾದರೂ ಬಂದು ಕೂರುವಂತಿರಲಿ, ಮುಂದಿನ ವರ್ಷ ಇದಕ್ಕೇ ಬೇರೆ ಅಂಕ ಇಡಲು ನಾನು ಹೇಳುತ್ತೇನೆ ಎಂದ. ಮ್ಯಾನೇಜರ್ ಆಗಲಿ ಎಂದು ತಲೆಯಾಡಿಸಿದ. ಇಬ್ಬರೂ ಪ್ಯಾಕಿಂಗ್ ಕಡೆ ಹೊರಟರು. ಸಾಹೇಬ ಎರಡು ಹೆಜ್ಜೆ ಹೋದವನು ಬೂಟು ಮರೆತದ್ದು ನೆನಪಾಗಿ ತಿರುಗಿ ಬಂದು, ಅವಳಿಗೆ ತೊಂದರೆಯಾಗದಂತೆ ಸದ್ದಿಲ್ಲದೆ ಬಗ್ಗಿ ಲೇಸು ಕಟ್ಟತೊಡಗಿದ.

ಗೆಳತಿ ತುಟಿ ಅಲುಗಿಸದೆ ಕೇಳಿದಳು. "ಹ್ವಾದ್ನ?"

"ಇನ್ನಾ ಇಲ್ಲ," ಎಂದೆ. "ಕುಂದರು."